ಕೋಟೆ ಬಿಟ್ಟುಕೊಟ್ಟ ಮಾತು: ಇಂಗ್ಲಿಷಿನ ಜೋಡಿ ಕ್ರಿಯಾಪದಗಳ ಚರಿತ್ರೆ

ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ತರುಣರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಒಂದು ಸಂದೇಹವನ್ನು ತೋಡಿಕೊಂಡರು. ‘ಸರೆಂಡರ್’, ‘ಟಾಲರೇಟ್’, ‘ಪೋಸ್ಟ್‌ಪೋನ್’, ‘ಎಕ್ಸ್‌ಟಿಂಗ್ವಿಶ್’ ಮೊದಲಾದ ಪದಗಳು ಎಲ್ಲಿ ಬಂದರೂ ಅವರಿಗೆ ತೊಡಕಿಲ್ಲ. ಆದರೆ ಅದೇ ಅರ್ಥಗಳಿಗೆ ಇಂಗ್ಲಿಷರು ಮನೆಮಾತಿನಲ್ಲಿ ಬಳಸುವ ‘ಗಿವ್ ಅಪ್’, ‘ಪುಟ್ ಅಪ್ ವಿತ್’, ‘ಪುಟ್ ಆಫ್’, ‘ಪುಟ್ ಔಟ್’ ಎದುರಾದೊಡನೆ ಅವರ ಓದು ಎಡವುತ್ತದೆ. “ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲೆ. ಮೂರನೆಯ ತರಗತಿಯ ಮಗುವಿಗೂ ತಿಳಿದಿರುವ ಈ ಎರಡು ಪದಗಳು ಸೇರಿದರೆ ಸೋಲೊಪ್ಪಿಕೊಳ್ಳುವುದು ಎಂದೇಕೆ ಆಗಬೇಕು? ಮೇಲಕ್ಕೆ ಕೊಟ್ಟವನು ಕೆಳಗೆ ಬೀಳುವುದು ಹೇಗೆ?” ಎಂಬುದು ಅವರ ಪ್ರಶ್ನೆ. ಮೇಲುನೋಟಕ್ಕೆ ಇದು ವ್ಯಾಕರಣದ ಪ್ರಶ್ನೆ. ಆದರೆ ವ್ಯಾಕರಣದ ಪುಸ್ತಕಗಳು ಇದಕ್ಕೆ ಉತ್ತರ ಕೊಡುವುದಿಲ್ಲ, ಪಟ್ಟಿ ಕೊಡುತ್ತವೆ. ಉತ್ತರವಿರುವುದು ಚರಿತ್ರೆಯಲ್ಲಿ.

1139ರಲ್ಲಿ ಇಂಗ್ಲೆಂಡಿನ ದೊರೆ ಸ್ಟೀಫನ್ ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿಸಿದ್ದ. ಅಲ್ಲಿಗೆ ಬಂದಿದ್ದ ಸಾಲಿಸ್‌ಬರಿಯ ಬಿಷಪ್ ರೋಜರ್, ಲಿಂಕನ್ನಿನ ಬಿಷಪ್ ಅಲೆಕ್ಸಾಂಡರ್ ಮತ್ತು ಚಾನ್ಸಲರ್ ಪದವಿಯಲ್ಲಿದ್ದ ಮತ್ತೊಬ್ಬ ರೋಜರ್, ಈ ಮೂವರನ್ನೂ ಆತ ಹಿಡಿಸಿ, ತಮ್ಮ ಕೋಟೆಗಳನ್ನು ಒಪ್ಪಿಸುವ ತನಕ ಸೆರೆಯಲ್ಲಿಟ್ಟ. ಪೀಟರ್‌ಬರೊ ಮಠದಲ್ಲಿ ಬರೆಯಲಾಗುತ್ತಿದ್ದ ವೃತ್ತಾಂತದಲ್ಲಿ ಈ ಪ್ರಸಂಗ 1137ರ ಒಕ್ಕಣೆಯ ಕೆಳಗೆ ಸೇರಿಕೊಂಡಿದೆ. ಆ ವೃತ್ತಾಂತ ಮುಗಿಯುವುದು 1154ಕ್ಕೆ. ಅಲ್ಲಿ ‘ಒಪ್ಪಿಸಿದರು’ ಎಂಬುದಕ್ಕೆ ಲಿಪಿಕಾರನು ಬಳಸಿರುವ ರೂಪ ‘ಯಾಫೆನ್ ಅಪ್’. ಇಂದಿನ ‘ಗೇವ್ ಅಪ್’ ಎಂಬುದರ ಪೂರ್ವರೂಪ ಅದು. ಇಂಗ್ಲಿಷ್ ಭಾಷಾಚರಿತ್ರೆಯನ್ನು ಬರೆದವರು ಜೋಡಿ ಕ್ರಿಯಾಪದಗಳ ಮೊದಮೊದಲ ಸ್ಪಷ್ಟ ನಿದರ್ಶನಗಳಲ್ಲಿ ಒಂದಾಗಿ ಇದನ್ನು ಉದಾಹರಿಸುವುದು ವಾಡಿಕೆ.

ಈ ಸಂದರ್ಭವನ್ನು ಕಣ್ಣಮುಂದಿಟ್ಟುಕೊಂಡರೆ ತರುಣ ಮಿತ್ರರ ಸಂದೇಹ ಅರ್ಧ ಕರಗುತ್ತದೆ. ಕೋಟೆ ಹೋದದ್ದು ತಮಗಿಂತ ಮೇಲಿನ ಅಧಿಕಾರಕ್ಕೆ. ನಮ್ಮಲ್ಲೂ ಕಪ್ಪಕಾಣಿಕೆಗಳು ಮೇಲಕ್ಕೇ ಹೋಗುತ್ತಿದ್ದವು. ಇಂದಿಗೂ ಕಚೇರಿಯ ಕಡತ ‘ಮೇಲಕ್ಕೆ’ ಹೋಗಿದೆ ಎನ್ನುತ್ತೇವೆಯೇ ಹೊರತು ‘ಆಚೆಗೆ’ ಎನ್ನುವುದಿಲ್ಲ. ಮೇಲಿನವನಿಗೆ ಕೊಟ್ಟದ್ದು ಕೈಬಿಟ್ಟು ಹೋದದ್ದೇ. ಮೊದಲು ಕೋಟೆ, ಆ ಬಳಿಕ ಹಕ್ಕು, ಆಮೇಲೆ ಚಟ, ಕೊನೆಗೆ ಆಸೆ. ಹೀಗೆ ಕೊಡುವ ವಸ್ತು ಸೂಕ್ಷ್ಮವಾಗುತ್ತ ಹೋದಂತೆ ಪಡೆಯುವವನು ಮರೆಯಾದ; ಕಳೆದುಕೊಳ್ಳುವ ಭಾವವೊಂದೇ ಉಳಿಯಿತು. ‘ಅಪ್’ ಇಲ್ಲಿ ಅಂಥ ಅಧಿಕಾರದ ದಿಕ್ಕನ್ನೇ ಸೂಚಿಸುತ್ತಿತ್ತೆಂಬುದು ನನ್ನ ಓದು. ಮುಗಿಯಿತು, ಪೂರ್ತಿಯಾಯಿತು ಎಂಬ ಭಾವವೂ ಅದರೊಳಗೆ ಇದ್ದಿರಬಹುದು. ಆ ಎರಡನೆಯ ಸಂಗತಿಗೆ ಮುಂದೆ ಬರುತ್ತೇನೆ.

ಪೀಟರ್‌ಬರೊದ ಆ ಲಿಪಿಕಾರನಿಗಿಂತ ಎರಡು ಮೂರು ಶತಮಾನ ಮೊದಲು ಇಂಗ್ಲಿಷ್ ಹೀಗಿರಲಿಲ್ಲ. ಹಳೆಯ ಇಂಗ್ಲಿಷ್, ಅದರ ಬಂಧುವಾದ ಜರ್ಮನ್ ಇಂದಿಗೂ ಇರುವಂತೆ, ಧಾತುವಿನ ಹಿಂದೆ ಪೂರ್ವಪ್ರತ್ಯಯಗಳನ್ನು ಅಂಟಿಸಿ ಅರ್ಥವನ್ನು ತಿರುಗಿಸುತ್ತಿತ್ತು. ಸಂಸ್ಕೃತ ಬಲ್ಲವರಿಗೆ ಇದು ಪರಿಚಿತ ದೃಶ್ಯ. ‘ಹೃ’ ಎಂಬ ಒಂದೇ ಧಾತು ಉಪಸರ್ಗದ ಸಂಗದಿಂದ ಆಹಾರವೂ ವಿಹಾರವೂ ಸಂಹಾರವೂ ಪರಿಹಾರವೂ ಆಗುತ್ತದೆ. ಉಪಸರ್ಗವು ಧಾತ್ವರ್ಥವನ್ನು ಬಲಾತ್ಕಾರವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂಬುದು ನಮ್ಮ ಪಾಠಶಾಲೆಗಳಲ್ಲಿ ಬಾಯಿಪಾಠವಾಗಿದ್ದ ಮಾತು. ಹಳೆಯ ಇಂಗ್ಲಿಷಿನಲ್ಲಿ ‘ಫಾರ್’, ‘ಬಿ’, ‘ವಿದ್’, ‘ಅಂಡರ್’, ‘ಓವರ್’ ಮೊದಲಾದವು ಇದೇ ಕೆಲಸ ಮಾಡುತ್ತಿದ್ದವು. ಅವುಗಳ ಅವಶೇಷಗಳು ‘ಫರ್‌ಗಿವ್’, ‘ಬಿಕಮ್’, ‘ವಿತ್‌ಸ್ಟ್ಯಾಂಡ್’, ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’ ಎಂಬ ಪದಗಳಲ್ಲಿ ಇಂದಿಗೂ ಕುಳಿತಿವೆ. ‘ವಿತ್‌ಸ್ಟ್ಯಾಂಡ್’ ಎಂದರೆ ಎದುರಿಸಿ ನಿಲ್ಲು. ಹಳೆಯ ಭಾಷೆಯಲ್ಲಿ ‘ವಿದ್’ ಎಂಬುದಕ್ಕೆ ‘ಜೊತೆಗೆ’ ಎಂದಲ್ಲ, ‘ವಿರುದ್ಧವಾಗಿ’ ಎಂದು ಅರ್ಥವಿತ್ತು. ಒಬ್ಬನೊಡನೆ ಜಗಳವಾಡುವುದಕ್ಕೆ ಇಂಗ್ಲಿಷರು ‘ಫೈಟ್ ವಿತ್’ ಎನ್ನುವಾಗ ಆ ಹಳೆಯ ವೈರ ಮರುದನಿಸುತ್ತದೆ.

ಸಂಸ್ಕೃತದ ಹೋಲಿಕೆಯನ್ನು ಇಲ್ಲಿಗೇ ಬಿಡಲು ಮನಸ್ಸಾಗದು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಉಪಸರ್ಗಗಳು ಧಾತುವಿನ ಮೊದಲೇ ಬರಬೇಕೆಂದು ವಿಧಿಸಿ, ಅದರ ಬೆನ್ನಿಗೇ ಎರಡು ಸೂತ್ರಗಳಲ್ಲಿ ವೇದಭಾಷೆಗೆ ವಿನಾಯಿತಿ ಕೊಡುತ್ತಾನೆ: ಛಂದಸ್ಸಿನಲ್ಲಿ ಅವು ಧಾತುವಿನ ಅನಂತರವೂ ಬರಬಹುದು, ನಡುವೆ ಬೇರೆ ಪದಗಳಿಂದ ಅಗಲಿಯೂ ಇರಬಹುದು. ಎಂದರೆ ಸಂಸ್ಕೃತದಲ್ಲಿ ಮೊದಲು ಸ್ವತಂತ್ರವಾಗಿ ಅಲೆದಾಡುತ್ತಿದ್ದ ಅವ್ಯಯಗಳು ಕಾಲಕ್ರಮದಲ್ಲಿ ಧಾತುವಿಗೆ ಅಂಟಿಕೊಂಡು ಗಟ್ಟಿಯಾದವು. ಇಂಗ್ಲಿಷಿನ ನಡೆ ಬಹುಮಟ್ಟಿಗೆ ಇದರ ತಿರುಗುಮುರುಗು. ಅಲ್ಲಿ ಅಂಟಿಕೊಂಡಿದ್ದವು ಸವೆದು ಬಿದ್ದವು. ಬಿಡಿಯಾಗಿದ್ದವು ಧಾತುವಿನ ಬೆನ್ನ ಹಿಂದೆ ಹೋಗಿ ನಿಂತು ಹೊಸ ಕಸುವು ಪಡೆದವು. ಒಂದೇ ಭಾಷಾಕುಟುಂಬದ ಎರಡು ಕವಲುಗಳು ಒಂದೇ ಸಾಮಗ್ರಿಯನ್ನು ಹಿಡಿದು ಎದುರುಬದುರು ದಿಕ್ಕಿಗೆ ನಡೆದದ್ದು ಸಾಮಾನ್ಯ ಸಂಗತಿಯಲ್ಲ.

ಹೀಗೇಕಾಯಿತು? ಕಾರಣಗಳು ಹಲವು. ಒತ್ತು ಬೀಳದ ಪೂರ್ವಪ್ರತ್ಯಯಗಳು ಉಚ್ಚಾರಣೆಯಲ್ಲಿ ಕ್ಷೀಣಿಸಿ ಅರ್ಥಶಕ್ತಿಯನ್ನು ಕಳೆದುಕೊಂಡವು. ವಾಕ್ಯದ ಕೊನೆಗೆ ಬರುತ್ತಿದ್ದ ಕ್ರಿಯಾಪದ ಕ್ರಮೇಣ ಕರ್ಮಪದಕ್ಕಿಂತ ಮುಂದಕ್ಕೆ ಸರಿಯಿತು. ಅವ್ಯಯ ಹಿಂದೆ ಉಳಿಯಿತು. ಇವುಗಳೊಡನೆ ನಾರ್ಸ್ ಜನರ ಸಂಪರ್ಕವನ್ನೂ ವಿದ್ವಾಂಸರು ಹೇಳುತ್ತಾರೆ. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಪೂರ್ವ ಹಾಗೂ ಉತ್ತರ ಭಾಗಗಳಲ್ಲಿ, ಡೇನ್‌ಲಾ ಎಂದು ಹೆಸರಾದ ಪ್ರದೇಶದಲ್ಲಿ, ಸ್ಕ್ಯಾಂಡಿನೇವಿಯದಿಂದ ಬಂದವರು ನೆಲೆಸಿದರು. ಅವರ ಭಾಷೆ ತನ್ನ ಪೂರ್ವಪ್ರತ್ಯಯಗಳನ್ನು ಬಹುಪಾಲು ಆಗಲೇ ಕಳೆದುಕೊಂಡು ಕ್ರಿಯಾಪದ ಮತ್ತು ಅವ್ಯಯಗಳ ಜೋಡಿಯನ್ನು ನೆಚ್ಚಿಕೊಂಡಿತ್ತು. ಪೀಟರ್‌ಬರೊ ಇರುವುದು ಡೇನ್‌ಲಾದೊಳಗೇ ಎಂಬುದನ್ನು ಮರೆಯಬಾರದು. ಇಂದು ಜೋಡಿ ಕ್ರಿಯಾಪದಗಳಲ್ಲಿ ಅತಿ ಹೆಚ್ಚಾಗಿ ಬರುವ ‘ಟೇಕ್’ ಮತ್ತು ‘ಗೆಟ್’ ನಾರ್ಸ್ ಮೂಲದವು. ‘ಗಿವ್’ ಎಂಬುದರ ಮೊದಲ ವ್ಯಂಜನವೂ ನಾರ್ಸ್ ಪ್ರಭಾವದ ಫಲವೆಂದು ಹೇಳುತ್ತಾರೆ. ನಮ್ಮ ಲಿಪಿಕಾರನ ‘ಯಾಫೆನ್’ ಸ್ಥಳೀಯ ಉಚ್ಚಾರಣೆಯನ್ನು ಉಳಿಸಿಕೊಂಡಿದೆ. ಸೆರೆಹಿಡಿದ ಎನ್ನಲು ಅದೇ ವಾಕ್ಯದಲ್ಲಿ ಆತ ಬಳಸಿರುವುದು ‘ನಾಮ್’ ಎಂಬ ದೇಶ್ಯರೂಪ, ‘ಟೇಕ್’ ಅಲ್ಲ. ಹಳೆಯ ಪದ, ಹಳೆಯ ಉಚ್ಚಾರಣೆ, ಹೊಸ ಜೋಡಣೆ ಮೂರೂ ಒಂದೇ ವಾಕ್ಯದಲ್ಲಿ! ಭಾಷೆ ಮಗ್ಗುಲು ಬದಲಿಸುವ ಗಳಿಗೆಯನ್ನು ಇಷ್ಟು ಹತ್ತಿರದಿಂದ ಕಾಣುವ ಅವಕಾಶ ಅಪರೂಪ.

ಹಳೆಯ ಪದರ ಪೂರ್ತಿ ಅಳಿಯದೆ ಉಳಿದುದರಿಂದ ಇಂಗ್ಲಿಷಿನಲ್ಲಿ ಒಂದು ವಿಚಿತ್ರ ಸಂಪತ್ತು ಕೂಡಿತು. ಅವೇ ಎರಡು ತುಣುಕುಗಳನ್ನು ಹಿಂದುಮುಂದಾಗಿ ಜೋಡಿಸಿದರೆ ಬೇರೆ ಬೇರೆ ಅರ್ಥ ಬರುತ್ತದೆ. ಮೇಲಿನ ನ್ಯಾಯಾಲಯ ಕೆಳಗಿನದರ ತೀರ್ಪನ್ನು ‘ಅಪ್‌ಹೋಲ್ಡ್’ ಮಾಡುತ್ತದೆ. ರಸ್ತೆಯಲ್ಲಿ ಕೆಟ್ಟುನಿಂತ ಲಾರಿ ಸಂಚಾರವನ್ನು ‘ಹೋಲ್ಡ್ ಅಪ್’ ಮಾಡುತ್ತದೆ. ಮುಂದಿನ ವಾಹನವನ್ನು ದಾಟುವುದು ‘ಓವರ್‌ಟೇಕ್’. ಒಂದು ಸಂಸ್ಥೆ ಇನ್ನೊಂದನ್ನು ಕೈವಶ ಮಾಡಿಕೊಳ್ಳುವುದು ‘ಟೇಕ್ ಓವರ್’. ರೋಗಿ ಶಸ್ತ್ರಚಿಕಿತ್ಸೆಗೆ ‘ಅಂಡರ್‌ಗೋ’ ಆಗುತ್ತಾನೆ, ಸಾಲದಲ್ಲಿ ಮುಳುಗಿದ ವ್ಯಾಪಾರ ‘ಗೋ ಅಂಡರ್’ ಆಗುತ್ತದೆ. ಇವುಗಳಲ್ಲಿ ‘ಅಪ್‌ಸೆಟ್’ ಎಂಬುದರ ಕಥೆ ಸೊಗಸಾದದ್ದು. ಮಧ್ಯಕಾಲದಲ್ಲಿ ಅದಕ್ಕೆ ಎತ್ತಿ ನಿಲ್ಲಿಸು ಎಂಬ ಅರ್ಥವೇ ಇತ್ತು, ಇಂದಿನ ‘ಸೆಟ್ ಅಪ್’ ಎಂಬುದರಂತೆ. ಆ ಕೆಲಸವನ್ನು ಜೋಡಿ ರೂಪ ವಹಿಸಿಕೊಂಡಿತು. ಹಳೆಯದು ಬುಡಮೇಲು ಮಾಡು ಎಂಬ ವಿರುದ್ಧಾರ್ಥಕ್ಕೆ ಜಾರಿತು. ಎತ್ತಿ ನಿಲ್ಲಿಸುತ್ತಿದ್ದ ಪದವೇ ಉರುಳಿಸುವ ಪದವಾಯಿತು.

1066ರ ನಾರ್ಮನ್ ವಿಜಯದ ತರುವಾಯ ಮೇಲಂತಸ್ತು ಕಟ್ಟಲ್ಪಟ್ಟಿತು. ಆಡಳಿತ, ನ್ಯಾಯ, ವಿದ್ಯೆ ಫ್ರೆಂಚ್ ಮತ್ತು ಲ್ಯಾಟಿನ್‌ಗಳ ವಶವಾದವು. ಆ ಭಾಷೆಗಳಿಂದ ಬಂದ ಕ್ರಿಯಾಪದಗಳು ತಮ್ಮ ಉಪಸರ್ಗಗಳನ್ನು ಒಳಗೇ ಹೊತ್ತು ತಂದವು. ಲ್ಯಾಟಿನ್ನಿನ ‘ಪೋಸ್ಟ್‌ಪೋನ್’ ಎಂಬುದನ್ನು ಬಿಡಿಸಿದರೆ ಸಿಗುವುದು ‘ಅನಂತರ’ ಮತ್ತು ‘ಇಡು’. ‘ಪುಟ್ ಆಫ್’ ಎಂಬುದರಲ್ಲೂ ಇರುವುದು ‘ಇಡು’ ಮತ್ತು ‘ಆಚೆ’. ಎರಡರ ಕಟ್ಟಡವೂ ಒಂದೇ, ಒಂದು ಕಲ್ಲಿನದು, ಇನ್ನೊಂದು ಮಣ್ಣಿನದು. ಆದರೆ ಸಮಾಜ ಇವೆರಡನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲಿಲ್ಲ. ಶಾಸನಪತ್ರದಲ್ಲಿ, ಧರ್ಮೋಪದೇಶದಲ್ಲಿ, ತತ್ತ್ವಗ್ರಂಥದಲ್ಲಿ ಮೊದಲನೆಯದಕ್ಕೆ ಪೀಠ. ಅಡುಗೆಮನೆ, ಹೊಲ, ಸಂತೆಗಳಲ್ಲಿ ಎರಡನೆಯದರ ಓಡಾಟ. 1611ರ ಬೈಬಲ್ ಅನುವಾದದಲ್ಲಿ ‘ಕಾಸ್ಟ್ ಔಟ್’, ‘ಲೇ ಅಪ್’, ‘ಪುಟ್ ಅವೇ’ ಮುಂತಾದ ದೇಶ್ಯ ಜೋಡಿಗಳು ಧಾರಾಳವಾಗಿ ಬಂದು ಅವುಗಳಿಗೊಂದು ಗಾಂಭೀರ್ಯ ಒದಗಿತು ನಿಜ. ಆದರೂ ಪಂಡಿತರ ಗುಮಾನಿ ಹೋಗಲಿಲ್ಲ.

ಆ ಗುಮಾನಿಯ ಒಂದು ಮುಖ ಡ್ರೈಡನ್. 1672ರ ಪ್ರಬಂಧವೊಂದರಲ್ಲಿ ಆತ ಹಿಂದಿನ ತಲೆಮಾರಿನ ಬೆನ್ ಜಾನ್ಸನ್ ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಟ್ಟದ್ದನ್ನು ದೋಷವೆಂದು ಎತ್ತಿ ಆಡಿದ. ತನ್ನಲ್ಲೂ ಆ ದೋಷ ಇದೆಯೆಂದು ಒಪ್ಪಿಕೊಂಡ. ಒಪ್ಪಿಕೊಂಡು ಸುಮ್ಮನಾಗದೆ, 1668ರಲ್ಲಿ ತಾನು ಪ್ರಕಟಿಸಿದ್ದ ನಾಟಕಕಾವ್ಯ ಕುರಿತ ಪ್ರಬಂಧದ 1684ರ ಪರಿಷ್ಕರಣದಲ್ಲಿ ಅಂಥ ವಾಕ್ಯಗಳನ್ನು ಹುಡುಕಿ ಹುಡುಕಿ ತಿದ್ದಿದ. ವಾಕ್ಯಾಂತ್ಯದ ಈ ಚಿಕ್ಕ ಪದಗಳೆಲ್ಲ ಪ್ರಿಪೊಸಿಷನ್‌ಗಳಲ್ಲ, ಜೋಡಿ ಕ್ರಿಯಾಪದದ ಎರಡನೆಯ ಅಂಗವಾದ ಅವ್ಯಯಗಳೂ ಅವುಗಳಲ್ಲಿವೆ ಎಂಬ ವಿವೇಚನೆ ಮುಂದೆ ಈ ನಿಯಮವನ್ನು ಹಿಡಿದು ಹೊರಟ ಶಾಲಾಶಿಕ್ಷಕರಿಗೆ ಹೊಳೆಯಲಿಲ್ಲ. ಲ್ಯಾಟಿನ್ನಿನಲ್ಲಿ ಹೀಗೆ ಇಲ್ಲ, ಆದ್ದರಿಂದ ಇಂಗ್ಲಿಷಿನಲ್ಲಿ ಇರಕೂಡದು ಎಂಬ ವಾದಕ್ಕಿಂತ ಹೆಚ್ಚಿನ ಆಧಾರ ಇದಕ್ಕಿಲ್ಲ. ಸಂಸ್ಕೃತದ ಅಳತೆಗೋಲಿನಿಂದ ಕನ್ನಡವನ್ನು ಅಳೆದ ಕಷ್ಟ ನಮಗೆ ಗೊತ್ತಿರುವುದರಿಂದ ಇದನ್ನು ಹೆಚ್ಚು ಬೆಳೆಸಬೇಕಿಲ್ಲ. 1762ರಲ್ಲಿ ವ್ಯಾಕರಣ ಬರೆದ ಬಿಷಪ್ ರಾಬರ್ಟ್ ಲೌತ್ ಈ ವಿಚಾರದಲ್ಲಿ ಹೆಚ್ಚು ಸಹನಶೀಲ. ಇದು ನಮ್ಮ ಭಾಷೆಗೆ ಬಲವಾಗಿ ಒಗ್ಗಿದ ಪ್ರಯೋಗ, ಮಾತುಕತೆಗೆ ಸಲ್ಲುತ್ತದೆ, ಗಂಭೀರ ಶೈಲಿಗೆ ಅಷ್ಟಾಗಿ ಒಪ್ಪದು ಎಂಬುದು ಆತನ ಅಭಿಪ್ರಾಯ. ಒಗ್ಗಿದ ಎಂಬ ಆ ಉಪವಾಕ್ಯವನ್ನು ಪ್ರಿಪೊಸಿಷನ್‌ನಿಂದಲೇ ಮುಗಿಸಿದ್ದಾನೆ. ಅದು ತುಂಟತನವೋ ಅಭ್ಯಾಸಬಲವೋ, ಓದುಗರೇ ನಿರ್ಣಯಿಸಲಿ.

ಈ ಚರಿತ್ರೆಯ ನಡುಮನೆಯಲ್ಲಿ ಕುಳಿತಿರುವವನು ಮಾತ್ರ ಸ್ಯಾಮ್ಯುಯೆಲ್ ಜಾನ್ಸನ್. 42,000ಕ್ಕೂ ಹೆಚ್ಚು ಪದಗಳ ಆತನ ನಿಘಂಟು 1755ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಹೊರಬಂದಿತು. ಅದರ ಮುನ್ನುಡಿಯಲ್ಲಿ ಆತ, ಕ್ರಿಯಾಪದಕ್ಕೆ ಒಂದು ಅವ್ಯಯ ಸೇರಿ ಅರ್ಥ ಬದಲಾಗುವ ಈ ವರ್ಗವೇ ವಿದೇಶೀಯರಿಗೆ ಬಹುಶಃ ಅತ್ಯಂತ ಕಠಿನವಾದುದೆಂದು ಗುರುತಿಸುತ್ತಾನೆ. ‘ಕಮ್ ಆಫ್’, ‘ಫಾಲ್ ಆನ್’, ‘ಬ್ರೇಕ್ ಆಫ್’, ‘ಬೇರ್ ಔಟ್’, ‘ಗಿವ್ ಓವರ್’, ‘ಸೆಟ್ ಇನ್’, ‘ಟೇಕ್ ಆಫ್’ ಮೊದಲಾದವನ್ನು ಹೆಸರಿಸಿ, ಇವುಗಳಲ್ಲಿ ಎಷ್ಟೋ ಜೋಡಿಗಳು ಮೂಲಪದದ ಅರ್ಥದಿಂದ ಬಹುದೂರ ಸರಿದಿವೆಯೆಂದೂ, ತಾನು ಅವನ್ನು ವಿಶೇಷ ಎಚ್ಚರದಿಂದ ಸಂಗ್ರಹಿಸಿರುವೆನೆಂದೂ ಹೇಳುತ್ತಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಇನ್ನೂ ಹುಟ್ಟಿರದ ಕಾಲವದು. ಹೆಸರಿಲ್ಲದ ವಸ್ತುವನ್ನು ಕಂಡು, ಅದು ಯಾರಿಗೆ ಏಕೆ ಕಷ್ಟವೆಂಬುದನ್ನು ಅರಿತು, ನಿಘಂಟಿನಲ್ಲಿ ಜಾಗ ಕೊಟ್ಟ ಆ ದೃಷ್ಟಿಗೆ ನಮಸ್ಕರಿಸಬೇಕು. ‘ಟೇಕ್’ ಎಂಬ ಒಂದು ಕ್ರಿಯಾಪದಕ್ಕೇ ಅವನು ನೂರಕ್ಕೂ ಮಿಕ್ಕ ಅರ್ಥವಿಭಾಗಗಳನ್ನು ಮಾಡಿದ.

ಅದೇ ಜಾನ್ಸನ್ ಸ್ವತಃ ಬರೆಯುವಾಗ ಮೇಲಂತಸ್ತಿಗೆ ಏರಿಬಿಡುತ್ತಿದ್ದ. 1773ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮದ ದ್ವೀಪಗಳಿಗೆ ಹೋಗುವ ದಾರಿಯಲ್ಲಿ ಗ್ಲೆನೆಲ್ಗ್ ಎಂಬಲ್ಲಿನ ಛತ್ರದಲ್ಲಿ ತಂಗಿದಾಗ, ತಾವು ಮಲಗಬೇಕಿದ್ದ ಹಾಸಿಗೆಯಿಂದ ಕೊಳಕಾದ ಮನುಷ್ಯನೊಬ್ಬ ಎದ್ದು ಬಂದ. ಆಪ್ತರಾದ ಥ್ರೇಲ್ ಎಂಬಾಕೆಗೆ ಬರೆದ ಪತ್ರದಲ್ಲಿ ಜಾನ್ಸನ್ ಇದನ್ನು ಚುಟುಕಾಗಿ, ಕೊಳಕನೊಬ್ಬ ಹಾಸಿಗೆಯಿಂದ ‘ಬೌನ್ಸ್ ಔಟ್’ ಆದ, ಪುಟಿದು ಹೊರಬಿದ್ದ, ಎಂದು ಬರೆದ. 1775ರ ಪ್ರವಾಸಗ್ರಂಥದಲ್ಲಿ ಅದೇ ಮನುಷ್ಯ ಗ್ರೀಕ್ ಪುರಾಣದ ಕುಲುಮೆಯಿಂದ ಬಂದ ಒಕ್ಕಣ್ಣ ರಾಕ್ಷಸನಿಗೆ ಸಮನಾದ ಕರಿಯನಾಗಿ, ಮಲಗುವ ಹಾಸಿಗೆ ‘ವಿಶ್ರಮಿಸುವ’ ಹಾಸಿಗೆಯಾಗಿ, ವಾಕ್ಯ ಪೂರ್ತಿ ನಿಲುವಂಗಿ ತೊಟ್ಟು ಬಂದಿತು. ಅಲ್ಲಿಯೂ ಆ ಮನುಷ್ಯ ಏಳುವುದಕ್ಕೆ ‘ಸ್ಟಾರ್ಟ್ ಅಪ್’ ಎಂಬ ಜೋಡಿಯೇ ಬೇಕಾಯಿತೆಂಬುದನ್ನು ಗಮನಿಸಿ. ಎಷ್ಟು ನಿಲುವಂಗಿ ತೊಡಿಸಿದರೂ ಈ ಮನೆಮಾತು ಕೆಳಗಿನಿಂದ ಇಣುಕುತ್ತದೆ.

ಈ ಎರಡು ವಾಕ್ಯಗಳನ್ನು ಎದುರುಬದುರಿಟ್ಟು ನಕ್ಕವನು ಮೆಕಾಲೆ. 1831ರಲ್ಲಿ ಬಾಸ್‌ವೆಲ್ ಬರೆದ ಜಾನ್ಸನ್ ಚರಿತ್ರೆಯ ಹೊಸ ಆವೃತ್ತಿಯನ್ನು ವಿಮರ್ಶಿಸುತ್ತ ಎಡಿನ್‌ಬರೊ ರಿವ್ಯೂ ಪತ್ರಿಕೆಯಲ್ಲಿ ಆತ ಹೇಳಿದ್ದರ ಸಾರ ಇಷ್ಟು: ಜಾನ್ಸನ್ ಯೋಚಿಸುವುದು ಒಂದು ಭಾಷೆಯಲ್ಲಿ, ಪ್ರಕಟಿಸುವುದು ತಾನೇ ಅನುವಾದಿಸಿಕೊಂಡ ಇನ್ನೊಂದರಲ್ಲಿ, ಆ ಎರಡನೆಯದನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ, ಅದರಲ್ಲಿ ಯಾರೂ ಜಗಳವಾಡುವುದಿಲ್ಲ, ಪ್ರೀತಿಸುವುದಿಲ್ಲ. ಇದನ್ನು ಬರೆದ ನಾಲ್ಕು ವರ್ಷಗಳೊಳಗೆ, 1835ರ ಫೆಬ್ರುವರಿ 2ರಂದು, ಅದೇ ಲೇಖನಿಯಿಂದ ಭಾರತದ ಶಿಕ್ಷಣ ಕುರಿತ ಟಿಪ್ಪಣಿ ಹೊರಟಿತು. ಅದರ ಫಲವಾಗಿ ನಮಗೆ ದೊರೆತ ಇಂಗ್ಲಿಷ್ ಯಾವುದು? ಮಾತಿನಿಂದ ಬಂದದ್ದಲ್ಲ, ಗ್ರಂಥದಿಂದ ಬಂದದ್ದು. ಕಾಲೇಜುಗಳಲ್ಲಿ ಅಡಿಸನ್, ಗೋಲ್ಡ್‌ಸ್ಮಿತ್, ಜಾನ್ಸನ್ ಮುಂತಾದವರ ಗದ್ಯ. ಕಚೇರಿಗಳಲ್ಲಿ ಕಾನೂನಿನ ಒಕ್ಕಣೆ. ಮೆಕಾಲೆ ಯಾವ ಇಂಗ್ಲಿಷನ್ನು ಹಾಸ್ಯ ಮಾಡಿದ್ದನೋ ಬಹುಮಟ್ಟಿಗೆ ಅದೇ ಇಂಗ್ಲಿಷನ್ನು ನಾವು ಶ್ರದ್ಧೆಯಿಂದ ಕಲಿತೆವು. ‘ಬೈ’ ಎನ್ನುವ ಬದಲು ‘ಪರ್ಚೇಸ್’, ‘ಗೋ ಆನ್’ ಎನ್ನುವ ಬದಲು ‘ಪ್ರೊಸೀಡ್’, ‘ಲಿವ್’ ಎನ್ನುವ ಬದಲು ‘ರಿಸೈಡ್’ ಎಂದು ಬರೆದರೆ ಹೆಚ್ಚು ಅಂಕ. ನನ್ನ ಶಾಲಾದಿನಗಳಲ್ಲಿ ‘ಗೆಟ್’ ಎಂಬ ಪದ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದ ಅಧ್ಯಾಪಕರೊಬ್ಬರಿದ್ದರು. ಜೋಡಿ ಕ್ರಿಯಾಪದಗಳು ಪಠ್ಯಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಬೇಕಾದ ಅನುಬಂಧವಾಗಿ ಬಂದವು. ತರುಣ ಮಿತ್ರರಿಗೆ ‘ಸರೆಂಡರ್’ ಸುಲಭವೂ ‘ಗಿವ್ ಅಪ್’ ಕಷ್ಟವೂ ಆದದ್ದು ಬುದ್ಧಿಯ ಕೊರತೆಯಿಂದಲ್ಲ. ಇಂಗ್ಲಿಷ್ ಮಗು ಕೆಳಗಿನ ಅಂತಸ್ತಿನಲ್ಲಿ ಹುಟ್ಟಿ ಮೇಲಕ್ಕೆ ಹತ್ತುತ್ತದೆ. ನಮ್ಮನ್ನು ಏಣಿ ಹಾಕಿ ನೇರವಾಗಿ ಮಾಳಿಗೆಗೆ ಹತ್ತಿಸಲಾಯಿತು. ಕೆಳಗಿಳಿಯುವ ಮೆಟ್ಟಿಲನ್ನು ನಾವೇ ಹುಡುಕಿಕೊಳ್ಳಬೇಕು.

ಈ ಪದವರ್ಗಕ್ಕೆ ಹೆಸರು ಸಿಕ್ಕಿದ್ದು ತೀರ ಈಚೆಗೆ. ಅಮೆರಿಕದ ಆರ್ಥರ್ ಕೆನೆಡಿ 1920ರಲ್ಲಿ ಇವನ್ನು ಕುರಿತು ಒಂದು ಅಧ್ಯಯನ ಪ್ರಕಟಿಸಿದ. 1925ರ ತನ್ನ ಪುಸ್ತಕದಲ್ಲಿ ಲೋಗನ್ ಪಿಯರ್‌ಸಾಲ್ ಸ್ಮಿತ್ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಬಳಸಿ, ಅದನ್ನು ತನಗೆ ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲೆ ಎಂದು ಸ್ಮರಿಸಿದ. ಬ್ರಾಡ್ಲೆ 1923ರಲ್ಲೇ ತೀರಿಕೊಂಡಿದ್ದ. ಎಂಟು ಶತಮಾನಗಳ ಬಳಕೆಗೆ ಹೆಸರಿಟ್ಟವನು ಆ ಹೆಸರು ಅಚ್ಚಾದದ್ದನ್ನು ಕಾಣಲಿಲ್ಲ. ಆ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದು: 430ಕ್ಕೂ ಹೆಚ್ಚು ಅರ್ಥ, ಸುಮಾರು 60,000 ಪದಗಳ ವಿವರಣೆ. ಅಷ್ಟು ಉದ್ದಕ್ಕೆ ಒಂದು ಮುಖ್ಯ ಕಾರಣ ಅದು ಕಟ್ಟಿಕೊಂಡ ಅವ್ಯಯಗಳ ಬಳಗ.

ಸಿ. ಕೆ. ಆಗ್ಡನ್ 1930ರಲ್ಲಿ ಮುಂದಿಟ್ಟ ‘ಬೇಸಿಕ್ ಇಂಗ್ಲಿಷ್’ ಯೋಜನೆಯದು ಬೇರೆಯೇ ಪಾಠ. ಲೋಕದ ಎಲ್ಲರೂ ಸುಲಭವಾಗಿ ಕಲಿಯಲೆಂದು ಆತ ಭಾಷೆಯನ್ನು 850 ಪದಗಳಿಗೆ ಇಳಿಸಿದ. ಅವುಗಳಲ್ಲಿ ಕ್ರಿಯಾಪದಗಳು 18 ಮಾತ್ರ. ಉಳಿದ ಸಾವಿರಾರು ಕ್ರಿಯಾಪದಗಳ ಕೆಲಸವನ್ನು ‘ಗಿವ್’, ‘ಗೆಟ್’, ‘ಪುಟ್’, ‘ಟೇಕ್’ ಮೊದಲಾದವು ಅವ್ಯಯಗಳ ಜೊತೆಗೂಡಿ ಮಾಡಬಲ್ಲವು ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಆದರೆ 850ನ್ನು ಕಲಿತವನು ‘ಪುಟ್ ಅಪ್ ವಿತ್’ ಎಂಬುದನ್ನು ಬೇರೆಯಾಗಿಯೇ ಕಲಿಯಬೇಕು, ‘ಪುಟ್’, ‘ಅಪ್’, ‘ವಿತ್’ ಎಂಬ ಮೂರನ್ನು ಕೂಡಿಸಿ ‘ಸಹಿಸಿಕೊಳ್ಳು’ ಎಂಬ ಮೊತ್ತ ಬಾರದು. ಜಾನ್ಸನ್ ವಿದೇಶೀಯರಿಗೆ ಅತಿ ಕಠಿನವೆಂದು ಗುರುತಿಸಿದ್ದನ್ನೇ ಅತಿ ಸುಲಭವೆಂದು ವಿದೇಶೀಯರ ಕೈಗೆ ಕೊಟ್ಟಂತಾಯಿತು.

ಹಾಗಾದರೆ ಇವೆಲ್ಲ ನಿಯಮಕ್ಕೆ ಸಿಗದ ಅಡ್ಡಾದಿಡ್ಡಿ ಪ್ರಯೋಗಗಳೇ? ಅಲ್ಲ. ದಿನಬಳಕೆಯ ವಾಕ್ಯಗಳನ್ನು ಗಮನಿಸಿದರೆ ಒಳಗಿನ ಕ್ರಮ ಕಾಣುತ್ತದೆ. ನಿಘಂಟಿನಲ್ಲಿ ಪದವನ್ನು ಹುಡುಕುವುದಕ್ಕೆ ‘ಲುಕ್ ಅಪ್ ದ ವರ್ಡ್’ ಎಂದೂ ‘ಲುಕ್ ದ ವರ್ಡ್ ಅಪ್’ ಎಂದೂ ಹೇಳಬಹುದು. ‘ವರ್ಡ್’ ಬದಲು ‘ಇಟ್’ ಬಂದರೆ ಮಾತ್ರ ‘ಲುಕ್ ಇಟ್ ಅಪ್’ ಎಂಬುದೊಂದೇ ದಾರಿ. ಇಂಗ್ಲಿಷ್ ವಾಕ್ಯ ಹೊಸ ಸುದ್ದಿಯನ್ನು ಕೊನೆಗೆ ಇಡಲು ಬಯಸುತ್ತದೆ. ಸರ್ವನಾಮವೋ ಆಗಲೇ ಪರಿಚಿತವಾದದ್ದು, ಆದ್ದರಿಂದ ಅದು ನಡುವೆ ಅಡಗಿ ಕೊನೆಯ ಒತ್ತಿನ ಜಾಗವನ್ನು ಅವ್ಯಯಕ್ಕೆ ಬಿಟ್ಟುಕೊಡುತ್ತದೆ. ‘ಲುಕ್ ಆಫ್ಟರ್’, ನೋಡಿಕೊಳ್ಳು, ಎಂಬಲ್ಲಿ ಹೀಗೆ ನಡುವೆ ನುಗ್ಗಲಾಗದು. ಅಲ್ಲಿರುವುದು ಅವ್ಯಯವಲ್ಲ, ತನ್ನ ನಾಮಪದವನ್ನು ಹಿಡಿದುಕೊಂಡ ಪ್ರಿಪೊಸಿಷನ್. ಬೆಟ್ಟ ಹತ್ತಿ ಓಡುವುದೂ ‘ರನ್ ಅಪ್’, ಅಂಗಡಿಯಲ್ಲಿ ಸಾಲ ಏರಿಸುವುದೂ ‘ರನ್ ಅಪ್’. ಸಾಲವನ್ನು ನಡುವೆ ತರಬಹುದು, ಬೆಟ್ಟವನ್ನು ತರಲಾಗದು.

ಇನ್ನು ‘ಅಪ್’ ಎಂಬುದರ ಆ ಎರಡನೆಯ ಸಂಗತಿ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಇವುಗಳಲ್ಲಿ ಮೇಲಕ್ಕೆ ಹೋದದ್ದು ಏನೂ ಇಲ್ಲ. ಪಾತ್ರೆ ತುಂಬುತ್ತ ನೀರು ಮೇಲೇರಿ ಅಂಚು ಮುಟ್ಟಿದಾಗ ಕೆಲಸ ಮುಗಿಯುತ್ತದೆ. ಅಂಥ ಪೂರ್ಣತೆಯ ಭಾವವೇ ಇಲ್ಲಿ ಉಳಿದಿರುವಂತಿದೆ. ಕಾಗದ ಸುಟ್ಟುಹೋದರೆ ‘ಬರ್ನ್ ಅಪ್’, ಮನೆ ಸುಟ್ಟುಹೋದರೆ ‘ಬರ್ನ್ ಡೌನ್’. ಕನ್ನಡ ಈ ಪೂರ್ಣತೆಯನ್ನು ಅವ್ಯಯದಿಂದಲ್ಲ, ಎರಡನೆಯ ಕ್ರಿಯಾಪದದಿಂದ ಸಾಧಿಸುತ್ತದೆ. ‘ಕುಡಿ’ ಎಂದರೆ ಡ್ರಿಂಕ್, ‘ಕುಡಿದುಬಿಡು’ ಎಂದರೆ ಡ್ರಿಂಕ್ ಅಪ್. ತಿಂದುಹಾಕು, ಹೊರಟುಹೋಗು, ಬರೆದುಕೊಡು, ನೋಡಿಕೋ ಮುಂತಾದವುಗಳಲ್ಲಿ ‘ಹಾಕು’, ‘ಹೋಗು’, ‘ಕೊಡು’, ‘ಕೊಳ್ಳು’ಗಳು ತಮ್ಮ ಮೂಲಾರ್ಥವನ್ನು ಸಡಿಲಿಸಿ ಮೊದಲ ಕ್ರಿಯೆಗೆ ಬಣ್ಣ ಕೊಡುವುದನ್ನು ನೆನೆದರೆ, ಇಂಗ್ಲಿಷಿನ ಅವ್ಯಯಗಳ ಕೆಲಸ ಅಷ್ಟು ಅಪರಿಚಿತವೆನಿಸದು. ಅನುವಾದಕರಿಗೆ ಇದರಿಂದ ನೇರ ಪ್ರಯೋಜನವಿದೆ. ‘ಗಿವ್ ಅಪ್’ ಕಂಡಲ್ಲೆಲ್ಲ ‘ತ್ಯಜಿಸು’ ಎಂದು ಬರೆಯುವ ಚಾಳಿ ನಮ್ಮಲ್ಲಿದೆ. ಮಣ್ಣಿನ ಮನೆಯನ್ನು ಕಲ್ಲಿನ ಮನೆಯಾಗಿ ಅನುವಾದಿಸಿದಂತೆ. ಕೋಟೆಯಾದರೆ ಬಿಟ್ಟುಕೊಡುತ್ತಾರೆ, ಬೀಡಿಯಾದರೆ ಬಿಟ್ಟುಬಿಡುತ್ತಾರೆ, ಆಸೆಯನ್ನು ಕೈಬಿಡುತ್ತಾರೆ. ಒಗಟು ಬಿಡಿಸಲಾರದ ಮಗು ‘ಸೋತೆ’ ಎನ್ನುತ್ತದೆ. ಒಂದು ಇಂಗ್ಲಿಷ್ ಜೋಡಿಗೆ ಎದುರಾಗಿ ಕನ್ನಡದ ನಾಲ್ಕು ರೂಪಗಳು, ಅವುಗಳಲ್ಲಿ ಮೂರಕ್ಕೆ ‘ಬಿಡು’ ಎಂಬುದೇ ಆಧಾರ.

ಭಾರತೀಯ ಇಂಗ್ಲಿಷಿನ ‘ಕೋಪ್ ಅಪ್ ವಿತ್’ ಎಂಬುದನ್ನು ಎಲ್ಲ ಕೈಪಿಡಿಗಳೂ ತಪ್ಪೆಂದು ಕಾಣಿಸುತ್ತವೆ. ‘ಕೋಪ್ ವಿತ್’ ಎಂಬುದೇ ಶಿಷ್ಟರೂಪ, ಸರಿ. ಆದರೆ ತಪ್ಪು ಮಾಡಿದವನು ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳ ಮಾದರಿಯನ್ನು ಹಿಡಿದು, ಕೊನೆಮುಟ್ಟಿಸುವ ‘ಅಪ್’ ಒಂದನ್ನು ತಾನೇ ಜೋಡಿಸಿದ್ದಾನೆ. ಹನ್ನೆರಡನೆಯ ಶತಮಾನದಿಂದ ಇಂಗ್ಲಿಷರು ಮಾಡುತ್ತ ಬಂದದ್ದನ್ನೇ ಅವನೂ ಮಾಡಿದ, ಅವರು ಒಪ್ಪಲಿಲ್ಲ ಅಷ್ಟೆ. ‘ಪಾಸ್ ಔಟ್’ ಎಂಬುದನ್ನು ನಾವು ಕಾಲೇಜು ಮುಗಿಸಿದ್ದಕ್ಕೆ ಬಳಸುತ್ತೇವೆ. ಲಂಡನ್ನಿನಲ್ಲಿ ಅದನ್ನೇ ಹೇಳಿದರೆ ಮೂರ್ಛೆ ಹೋದಿರಾ ಎಂದು ಗಾಬರಿಗೊಂಡಾರು.

ಕನ್ನಡದೊಳಗೆ ಬಂದ ಜೋಡಿಗಳ ಗತಿ ಇನ್ನೊಂದು ಬಗೆ. ಅವು ಕ್ರಿಯಾಪದಗಳಾಗಿ ಬರಲಿಲ್ಲ, ನಾಮಪದಗಳಾಗಿ ಬಂದವು. ಮೇಕಪ್, ಲಾಕಪ್, ಚೆಕಪ್, ಪಿಕಪ್, ಬ್ಯಾಕಪ್, ರನೌಟ್, ಟೇಕಾಫ್: ಎರಡು ಪದಗಳ ನಡುವಿನ ಬಿರುಕು ಸಂಧಿಯಲ್ಲಿ ಮುಚ್ಚಿಹೋಯಿತು. ಇಂಗ್ಲಿಷಿನಲ್ಲೂ ಇವು ನಾಮಪದಗಳಾದಾಗ ಒತ್ತು ಮೊದಲ ಅಂಗಕ್ಕೆ ಸರಿಯುತ್ತದೆ. ಕನ್ನಡಿಗರ ಕಿವಿ ಆ ರೂಪವನ್ನೇ ಹಿಡಿಯಿತು. ಬಳಿಕ ‘ಮಾಡು’, ‘ಆಗು’, ‘ಕೊಡು’ಗಳನ್ನು ಸೇರಿಸಿ ಅವನ್ನು ಮತ್ತೆ ಕ್ರಿಯೆಗಳನ್ನಾಗಿ ಮಾಡಿಕೊಂಡೆವು. ಚಿತ್ರೀಕರಣದ ಸ್ಥಳದಲ್ಲಿ ಸಂಜೆ ‘ಪ್ಯಾಕಪ್ ಆಯಿತು’ ಎನ್ನುತ್ತಾರೆ. ತರುಣರು ಜಂಬದವನಿಗೆ ‘ಬಿಲ್ಡಪ್ ಕೊಡಬೇಡ’ ಎನ್ನುತ್ತಾರೆ. ಈ ಎರಡನೆಯದರಲ್ಲಿ ‘ಅಪ್’ ಎಂಬುದೂ ಇದೆ, ‘ಕೊಡು’ ಎಂಬುದೂ ಇದೆ. ಹಾಗಿದ್ದೂ ‘ಗಿವ್ ಅಪ್’ ಎಂಬುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ನಾನೆಂದಾಗ ತರುಣ ಮಿತ್ರರು ನಕ್ಕರು, ಆ ಬಿಷಪ್ಪರ ಕೋಟೆಗಳು ಆಮೇಲೆ ಏನಾದುವು ಎಂದು ಕೇಳಿದರು. ಸಾಲಿಸ್‌ಬರಿಯ ರೋಜರ್ ಅವುಗಳನ್ನು ಮರಳಿ ಪಡೆಯಲಿಲ್ಲ. ಅದೇ 1139ರ ಡಿಸೆಂಬರಿನಲ್ಲಿ ತೀರಿಕೊಂಡ.